ಮುನಿಆಂಜನಪ್ಪನ ಓಟು ಹೋದದ್ದು

ಹಲಸೂರು ಕೆರೆಯ ಹಿಂದಿನ ಗಲ್ಲಿಯಲ್ಲಿ ರಾಗಿ ಮಿಷಿನ್ನು ಇಟ್ಟುಕೊಂಡಿದ್ದ ಮುನಿಆಂಜನಪ್ಪ ತನ್ನ ಜೀವಮಾನದಲ್ಲಿ ಒಂದೇ ಒಂದು ಸಲ ಸಜೆ ಅನುಭವಿಸಿದ. ಅದನ್ನೂ ಬೆಂಚಿನ ಮೇಲೆ ಕೂತು, ಫ್ಯಾನಿನ ಕೆಳಗೆ ಅನುಭವಿಸಿದ. ಆಗಾಗ ಆಕಳಿಸಿದ್ದನ್ನು ಬಿಟ್ಟರೆ ಅದರಲ್ಲಿ ಕಠಿಣ ಎನ್ನುವಂಥದ್ದು ಏನೂ ಇರಲಿಲ್ಲ. ಆದರೆ ಮನುಷ್ಯನಿಗೆ ನಿಜವಾದ ಕಷ್ಟ ಬರುವುದು ಶಿಕ್ಷೆಯಿಂದಲ್ಲ. ಮುಗಿದುಹೋದ ಶಿಕ್ಷೆಯನ್ನು ಮತ್ತೆ ಉಪಯೋಗಕ್ಕೆ ತರಲು ಹೋದಾಗ.

ಯುಗಾದಿಯ ಮಾರನೆಯ ದಿನ ಹೊಸತೊಡಕು. ಅವತ್ತು ಮಾಂಸದ ಊಟ ಮಾಡಿ ಇಸ್ಪೀಟು ಆಡುವುದು ಆ ಕಡೆಯ ಹಳ್ಳಿಗಳ ಪದ್ಧತಿ. ಹಳ್ಳಿಗಳೆಲ್ಲ ಹೋಗಿ ವಾರ್ಡುಗಳಾದವು, ಹೊಲಗಳೆಲ್ಲ ಹೋಗಿ ಸೈಟುಗಳಾದವು, ಪದ್ಧತಿ ಮಾತ್ರ ಉಳಿದುಕೊಂಡಿತು. ಹೊಸತೊಡಕಿನ ದಿನ ಎಲೆ ಹಿಡಿಯದವನಿಗೆ ವರ್ಷವೆಲ್ಲ ಕೈ ಓಡುವುದಿಲ್ಲ ಎಂದು ಮುನಿಆಂಜನಪ್ಪನ ತಾತ ಹೇಳಿದ್ದ. ಆದರೆ ಆ ವರ್ಷ ಠಾಣೆಗೆ ಹೊಸದಾಗಿ ಬಂದಿದ್ದ ಸಬ್‌ಇನ್ಸ್‌ಪೆಕ್ಟರು ದೂರದ ಊರಿನವರು; ಅವರ ತಾತ ಇಂಥದ್ದೇನೂ ಹೇಳಿರಲಿಲ್ಲ. ಮಿಷಿನ್ನಿನ ಹಿಂದಿನ ಅಂಗಳದಲ್ಲಿ ಚಾಪೆ ಹಾಸಿಕೊಂಡು ಕೂತಿದ್ದವರನ್ನೆಲ್ಲ ಜೀಪಿಗೆ ಹತ್ತಿಸಿದರು. ಮುನಿಆಂಜನಪ್ಪನ ಕೈಯಲ್ಲಿ ಆಗ ವರ್ಷಕ್ಕೊಂದು ಸಲ ಬೀಳುವಂಥ ಎಲೆಗಳಿದ್ದವು. ಆ ದುಃಖ ಅವನಿಗೆ ಬಹಳ ದಿನ ಇತ್ತು.

ಮೇಯೋ ಹಾಲ್ ಕಟ್ಟಡದ ಕೋರ್ಟಿನಲ್ಲಿ ಎಲ್ಲರೂ ತಪ್ಪೊಪ್ಪಿಕೊಂಡರು. ಆಡಿದವರಿಗೆಲ್ಲ ದಂಡ ಬಿತ್ತು. ಜಾಗ ಕೊಟ್ಟವನಾದ್ದರಿಂದ ಮುನಿಆಂಜನಪ್ಪನಿಗೆ ದಂಡದ ಜೊತೆಗೆ ‘ಕೋರ್ಟು ಏಳುವ ತನಕ ಸಜೆ’ ಎಂದಾಯಿತು. ಅಂದರೆ ಮ್ಯಾಜಿಸ್ಟ್ರೇಟ್ ಸಾಹೇಬರು ಸಾಯಂಕಾಲ ಎದ್ದು ಒಳಗೆ ಹೋಗುವವರೆಗೆ ಅವನು ಹಿಂದಿನ ಬೆಂಚಿನಲ್ಲಿ ಕೂತಿರಬೇಕು. ಪಕ್ಕದಲ್ಲಿ ಕಾವಲಿಗೆ ಕಾನ್‌ಸ್ಟೇಬಲ್ ಪಿಳ್ಳಪ್ಪ. ಅವನೂ ಇದೇ ಕಡೆಯವನು, ಹೊಸತೊಡಕಿನ ದಿನ ತನಗೆ ಡ್ಯೂಟಿ ಬಿದ್ದದ್ದಕ್ಕೆ ನೊಂದುಕೊಂಡವನು.

“ಆಚೆ ಹೋಗಿ ಒಂದ್ ಕಾಫಿ ಕುಡ್ಕೊಂಡ್ ಬರ್ಲಾ?” ಎಂದು ಮುನಿಆಂಜನಪ್ಪ ಕೇಳಿದ.

“ಎಲ್ಗೂ ಹೋಗಂಗಿಲ್ಲ. ನೀನೀಗ ಕಸ್ಟಡೀಲಿ ಇದ್ದೀಯ.”

“ಬೆಂಚ್ ಮೇಲೆ ತಾನೆ ಕೂತಿರೋದು.”

“ಬೆಂಚಾದ್ರೇನು, ಬೆಳ್ಳಿ ಮಂಚ ಆದ್ರೇನು. ಇವತ್ತು ಎಲೆಕ್ಷನ್ ಇದ್ದಿದ್ರೆ ನಿಂಗೆ ಓಟೂ ಇರ್ತಿರ್ಲಿಲ್ಲ, ಗೊತ್ತಾ? ಸಜೇಲಿ ಇರೋಗಂಟ ಓಟಿಲ್ಲ. ಎದ್ದು ಮನೆಗೆ ಹೋದ್ಮೇಲೆ ನೀನೂ ಒಂದೇ, ಗವರ್ನರೂ ಒಂದೇ.”

ಈ ಮಾತಿನ ಮೊದಲ ಅರ್ಧವನ್ನು ಮುನಿಆಂಜನಪ್ಪ ನೆನಪಿಟ್ಟುಕೊಂಡ. ಎರಡನೆಯ ಅರ್ಧ ಬರುವಷ್ಟರಲ್ಲಿ ಆಕಳಿಕೆ ಬಂದಿತ್ತು.

ಅದು ತೊಂಬತ್ತಾರನೆಯ ಇಸವಿ. ಅದೇ ವರ್ಷ ಕಾರ್ಪೊರೇಷನ್ ಎಲೆಕ್ಷನ್ ಬಂತು, ಬರುವಾಗ ನೆಟ್ಟಗೆ ಮುನಿಆಂಜನಪ್ಪನ ಮನೆಗೇ ಬಂತು. ಅವನ ಅಕ್ಕ ಆಂಜನಮ್ಮ ಪಕ್ಷೇತರಳಾಗಿ ನಿಂತಳು. ನಿಲ್ಲಬೇಕೆಂದು ಆಸೆ ಇದ್ದದ್ದು ಅವಳ ಗಂಡ ದೊಡ್ಡಮುನಿಯಪ್ಪನಿಗೆ. ಆದರೆ ಜಾತಕ ನೋಡಿದ ಜೋಯಿಸರು ಅಧಿಕಾರದ ಯೋಗ ಇರುವುದು ಹೆಂಡತಿಯ ಜಾತಕದಲ್ಲಿ ಎಂದುಬಿಟ್ಟರು. ಮನೆಯಲ್ಲಿ ಅದನ್ನು ಮೊದಲೇ ಕಂಡಿದ್ದ ದೊಡ್ಡಮುನಿಯಪ್ಪ ವಾದಿಸಲಿಲ್ಲ. ಆಂಜನಮ್ಮನ ಗುರುತು ಹೊಲಿಗೆ ಮಿಷಿನ್ನು.

ಎದುರಿಗೆ ನಿಂತವನು ಕೇಬಲ್ ಕೆಂಪರಾಜ್. ವಾರ್ಡಿನ ಮನೆಮನೆಗೂ ಟೀವಿ ಕೇಬಲ್ ಎಳೆದಿದ್ದವನು, ಎಳೆದ ಕೇಬಲ್ಲೆಲ್ಲ ಓಟು ಎಂದು ನಂಬಿದ್ದವನು. ಅವನ ಗುರುತು ತಕ್ಕಡಿ. ಅವನು ಯಾರು ಎಂದರೆ, ಮುನಿಆಂಜನಪ್ಪನ ಹೆಂಡತಿ ಚಿಕ್ಕಮುನಿಯಮ್ಮನ ಒಬ್ಬನೇ ಒಬ್ಬ ತಮ್ಮ.

ಇಷ್ಟೇ ಆಗಿದ್ದರೆ ಮುನಿಆಂಜನಪ್ಪ ಇಬ್ಬರಿಗೂ ಹಲ್ಲು ಕಿರಿದು ತಪ್ಪಿಸಿಕೊಳ್ಳುತ್ತಿದ್ದ. ಆದರೆ ಮಗಳು ಭವ್ಯಳನ್ನು ಆಂಜನಮ್ಮನ ಮಗ ಮುನೀಂದ್ರನಿಗೆ ಕೊಡುವುದೆಂದು ಮಾತಾಗಿತ್ತು. ಎಲೆಕ್ಷನ್ ಮುಗಿದ ಮೇಲೆ ಮದುವೆ. ಹುಡುಗ ಹುಡುಗಿಗೆ ಮನಸ್ಸೂ ಇತ್ತು. ಇಬ್ಬರೂ ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿ ಸೀರೆಯನ್ನೂ ಆರಿಸಿಕೊಂಡು ಬಂದಿದ್ದರು. ಆಂಜನಮ್ಮ ಮುನಿಸಿಕೊಂಡರೆ ಗಂಡೇ ಇಲ್ಲ. ಕೆಂಪರಾಜ್ ಮುನಿಸಿಕೊಂಡರೆ ಸೋದರಮಾವ ಇಲ್ಲ. ಸೋದರಮಾವ ಕೈಹಿಡಿದು ಕರೆತರದ ಹೆಣ್ಣು ಅವರಲ್ಲಿ ಹಸೆಯ ಮೇಲೆ ಕೂರುವಂತಿಲ್ಲ. ಒಟ್ಟಿನಲ್ಲಿ ಭವ್ಯಳ ಮದುವೆ ಹೊಲಿಗೆ ಮಿಷಿನ್ನು, ತಕ್ಕಡಿ ಎರಡರ ಮೇಲೂ ನಿಂತಿತ್ತು. ಅವಳಪ್ಪನ ಬಳಿ ಇದ್ದದ್ದು ಒಂದು ಓಟು.

ಗುಟ್ಟಾಗಿ ಹಾಕಬಹುದಲ್ಲ ಎಂದು ನೀವು ಕೇಳಬಹುದು. ಸರ್ಕಾರ ಪರದೆ ಕಟ್ಟಿ ಕೊಡುವ ಗುಟ್ಟನ್ನು ಬಿಡಿಸಲು ಹಲಸೂರಿನಲ್ಲಿ ಕರ್ಪೂರ ಇದೆ. ಮುನೇಶ್ವರನ ಗುಡಿಯ ಮುಂದೆ ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಆಣೆ ಮಾಡಬೇಕು. ಸುಳ್ಳು ಆಣೆ ಮಾಡಿದವರ ವಿಷಯದಲ್ಲಿ ಮುನೇಶ್ವರ ಬಾಕಿ ಇಟ್ಟುಕೊಳ್ಳುವ ದೇವರಲ್ಲ. ಮನೆತನದ ಅರ್ಧ ಜನಕ್ಕೆ ಅವನದೇ ಹೆಸರು ಇಟ್ಟಿರುವುದು ಭಕ್ತಿಯಿಂದ ಎಷ್ಟೋ, ಭಯದಿಂದಲೂ ಅಷ್ಟೇ.

ಆಂಜನಮ್ಮ ಒಂದು ಬೆಳಿಗ್ಗೆ ಮಿಷಿನ್ನಿಗೆ ಬಂದಳು. ಒಳಗೆ ಬೆಲ್ಟು ಗಡಗಡ ಓಡುತ್ತಿತ್ತು, ಹಿಟ್ಟು ಹಾಕಿಸಲು ಬಂದ ಹೆಂಗಸರು ಬಾಗಿಲವರೆಗೂ ಡಬ್ಬ ಇಟ್ಟುಕೊಂಡು ನಿಂತಿದ್ದರು. ಮಿಷಿನ್ನು ಓಡುವಾಗ ಗುಟ್ಟಿನ ಮಾತನ್ನೂ ಕೂಗಿಯೇ ಹೇಳಬೇಕು. ಆ ಸದ್ದಿನಲ್ಲಿ ಎದುರಿನವನಿಗೆ ಬಿಟ್ಟು ಇನ್ಯಾರಿಗೂ ಕೇಳುವುದಿಲ್ಲ, ಆದ್ದರಿಂದ ಗಲ್ಲಿಯ ಎಷ್ಟೋ ಗುಟ್ಟುಗಳು ಅಲ್ಲಿಯೇ ಕೂಗಾಡಲ್ಪಟ್ಟಿದ್ದವು.

“ಭಾನ್ವಾರ ಗುಡಿಗೆ ಬಾ,” ಎಂದು ಆಂಜನಮ್ಮ ಕೂಗಿದಳು. “ಹೊಲ್ಗೆ ಮಿಷಿನ್ಗೇ ಹಾಕ್ತೀನಿ ಅಂತ ಕರ್ಪೂರ ಆರ್ಸು. ನಿನ್ನ ನಂಬ್ತೀನಿ ಕಣೋ ತಮ್ಮ, ನಿನ್ ಹೆಂಡ್ತೀನ ನಂಬಲ್ಲ.”

“ಅಕ್ಕ, ಕರ್ಪೂರ ಎಲ್ಲ ಯಾಕಕ್ಕ.”

“ಆರ್ಸಲ್ಲ ಅಂದ್ರೆ ಕೆಂಪರಾಜಂಗೆ ಹಾಕ್ತೀಯ ಅಂತ ಆಯ್ತು.”

ಕೆಂಪರಾಜ್ ಅದೇ ಭಾನುವಾರ, ಅದೇ ಗುಡಿಗೆ, ಅದೇ ಕರ್ಪೂರಕ್ಕೆ ಹಿಂದಿನ ದಿನವೇ ಕರೆದು ಹೋಗಿದ್ದ. ಮುನಿಆಂಜನಪ್ಪನ ಮೈಯೆಲ್ಲ ಹಿಟ್ಟು, ಕಣ್ಣಿನ ರೆಪ್ಪೆಯ ಮೇಲೂ ಹಿಟ್ಟು. ಅವನಿಗೆ ಸಾಕಾಗಿ ಹೋಗಿತ್ತು. ಆ ಸಾಕಾದ ತಲೆಯೊಳಗೆ ಮೇಯೋ ಹಾಲಿನ ಬೆಂಚು ಬಂದು ನಿಂತಿತು.

“ಅಕ್ಕ, ನಂಗೆ,” ಎಂದು ಅವನು ಎದೆ ತುಂಬ ಉಸಿರೆಳೆದು ಕೂಗಲು ಬಾಯಿ ತೆಗೆದ. ಆಗಲೇ ಕರೆಂಟು ಹೋಯಿತು. ಬೆಲ್ಟು ನಿಂತಿತು. ನಿಶ್ಶಬ್ದವಾದ ಗಲ್ಲಿಯಲ್ಲಿ ಅವನ ಮಿಕ್ಕ ಮಾತು ಮೂಲೆಯ ಮಸೀದಿಯವರೆಗೂ ಕೇಳಿಸಿತು: “ಓಟೇ ಇಲ್ಲ ಕಣಕ್ಕ, ಸಜೆ ಆದಾಗ್ಲೇ ಓಟು ಕಿತ್ಕೊಂಡವ್ರೆ.”

ಡಬ್ಬ ಹಿಡಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಎದುರಿನ ಸೈಕಲ್ ಷಾಪಿನ ಅಹ್ಮದ್ ಪಾಷಾ ಪಂಕ್ಚರ್ ಹಾಕುತ್ತಿದ್ದ ಟ್ಯೂಬನ್ನು ನೀರಿನಲ್ಲೇ ಬಿಟ್ಟು ಎದ್ದು ನಿಂತ. ಆಂಜನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೋದದ್ದು ತಮ್ಮನ ಮಾನವೋ ತನ್ನ ಓಟೋ ಎಂಬುದು ಅವಳಿಗೇ ಸ್ಪಷ್ಟವಿರಲಿಲ್ಲ, ಆದರೆ ಅತ್ತಳು. ಕರ್ಪೂರದ ಮಾತು ಮತ್ತೆ ಎತ್ತಲಿಲ್ಲ. ಸುದ್ದಿ ತಿಳಿದ ಕೆಂಪರಾಜನೂ ಭಾನುವಾರದ ಕಾರ್ಯಕ್ರಮ ರದ್ದು ಮಾಡಿದ. ಅವತ್ತು ಮುನಿಆಂಜನಪ್ಪ ಮನೆಗೆ ಬಂದು, ಕೈಕಾಲು ತೊಳೆದು, ಮುದ್ದೆ ಉಂಡು, ಬಹಳ ದಿನಗಳ ಮೇಲೆ ಗೊರಕೆ ಹೊಡೆದ.

ಮರುದಿನ ಜನ ಮಾತಾಡಿಸಲು ಬಂದರು. ಸಾವಿನ ಮನೆಗೆ ಬರುವವರ ಹಾಗೆ ಚಪ್ಪಲಿಯನ್ನು ದೂರದಲ್ಲಿ ಬಿಟ್ಟು ಬಂದರು. ಎಲ್ಲರಿಗಿಂತ ಮೊದಲು ಬಂದವನು ಹೊಸತೊಡಕಿನ ದಿನ ಅವನ ಜೊತೆ ಎಲೆ ಹಿಡಿದಿದ್ದ ವೆಂಕಟಸ್ವಾಮಿ.

“ನಾನೂ ಆಡಿದ್ನಲ್ಲ ಗುರು, ನಂದೂ ಹೋಯ್ತಾ?”

“ನಿಂಗೆ ಬರೀ ದಂಡ ಕಣಪ್ಪ, ನಂಗೆ ಸಜೆ.”

ವೆಂಕಟಸ್ವಾಮಿ ಯೋಚಿಸಿದ. ಯೋಚನೆ ಅವನ ಅಭ್ಯಾಸವಲ್ಲ, ಅದಕ್ಕೇ ಹೊತ್ತು ಹಿಡಿಯಿತು. “ಅದೇ ಚಾಪೆ, ಅದೇ ಎಲೆ. ನಮ್ಗೆ ದಂಡ, ನಿಂಗೊಬ್ಬಂಗೇ ಓಟು ಹೋಗಿರೋದು. ಅಂದ್ಮೇಲೆ ಇಸ್ಪೀಟಿಗಲ್ಲ ಅದು. ನಿಂದು ಬೇರೆ ಏನೋ ಕೇಸಿದೆ.”

ಈ ತರ್ಕ ಅವನ ಬಾಯಿಂದ ಹೊರಟು ಸಾಯಂಕಾಲದೊಳಗೆ ಪಕ್ಕದ ಜೋಗುಪಾಳ್ಯವನ್ನೂ ಮುಟ್ಟಿತು. ಇಸ್ಪೀಟಿಗೆ ಯಾರಾದರೂ ಓಟು ಕೀಳುತ್ತಾರೆಯೇ? ಹಾಗೆ ಕಿತ್ತರೆ ಬೆಂಗಳೂರಿನಲ್ಲಿ ಓಟು ಹಾಕಲು ಯಾರು ಉಳಿಯುತ್ತಾರೆ? ಕಾಫಿಪುಡಿಗೆ ಬೆರೆಸಲು ಹುಣಿಸೆಬೀಜ ಬೀಸಿ ಕೊಡುತ್ತಿದ್ದನಂತೆ ಎಂದು ಒಬ್ಬರು ಅಂದರು. ಮಿಷಿನ್ನಿನ ಕೆಳಗೆ ನೆಲಮಾಳಿಗೆ ಇದೆಯಂತೆ, ಅಲ್ಲಿ ನೋಟು ಅಚ್ಚು ಹಾಕುತ್ತಾನಂತೆ, ಮಿಷಿನ್ನಿಗೆ ಅಷ್ಟು ಸದ್ದು ಇರುವುದೇ ಅದಕ್ಕಂತೆ ಎಂದು ಇನ್ನೊಬ್ಬರು. ಪಾಷಾನ ಹೆಂಡತಿ ಫಹ್ಮಿದಾ ಗೋಧಿ ಡಬ್ಬವನ್ನು ಕೆಳಗಿಡದೆ ಸೊಂಟದಲ್ಲೇ ಇಟ್ಟುಕೊಂಡು ಕೇಳಿದಳು:

“ಭಾಯ್, ಬೇಜಾರ್ ಮಾಡ್ಕೊಬ್ಯಾಡಿ. ಹಿಟ್ಟು ಬೀಸೋದಿಕ್ಕೆ ನಿಮ್ಗೆ ಪರ್ಮಿಷನ್ ಐತಲ್ಲ? ಆಮೇಲೆ ಪೊಲೀಸ್ರು ನಮ್ ಡಬ್ಬ ಎತ್ಕೊಂಡ್ ಹೋಗ್ಬಾರ್ದು.”

“ಇದೆ ಕಣಮ್ಮ, ಇಡು ಡಬ್ಬ,” ಎಂದ ಮುನಿಆಂಜನಪ್ಪ. ಗೋಧಿಗೆ ಪರ್ಮಿಷನ್ ಉಂಟು, ಓಟಿಗಿಲ್ಲ ಎನ್ನುವ ಸರ್ಕಾರ ಯಾವುದು ಎಂದು ಅವಳು ಕೇಳಲಿಲ್ಲ. ಅಂಥ ಸರ್ಕಾರ ಇರಬಹುದೆಂದು ಅವಳಿಗೆ ಗೊತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಭಾವನ ಓಟು ಸಿಗದಿದ್ದರೂ ಭಾವನ ಕಷ್ಟ ಸಿಕ್ಕಿತಲ್ಲ ಎಂದು ಕೆಂಪರಾಜನಿಗೆ ಹೊಳೆಯಿತು. ಅವನ ಪ್ರಚಾರದ ಆಟೋ ಬೆಳಗಾಗೆದ್ದು ಕೂಗತೊಡಗಿತು: “ನನ್ನ ಸ್ವಂತ ಭಾವ, ಅಮಾಯಕ ಮುನಿಆಂಜನಪ್ಪನವರ ಮತದಾನದ ಹಕ್ಕನ್ನು ಕಿತ್ತುಕೊಂಡ ದುಷ್ಟ ಶಕ್ತಿಗಳಿಗೆ ಪಾಠ ಕಲಿಸಲು ತಕ್ಕಡಿಗೇ ಮತ ನೀಡಿ.” ಆಂಜನಮ್ಮ ಬಿಟ್ಟಾಳೆಯೇ. ತಮ್ಮ ಅವಳದು, ಅವನ ದುಃಖವೂ ಅವಳದೇ. ಮಧ್ಯಾಹ್ನದ ಹೊತ್ತಿಗೆ ಅವಳ ಆಟೋ ಹೊರಟಿತು: “ಒಡಹುಟ್ಟಿದ ತಮ್ಮನ ಕಣ್ಣೀರು ಒರೆಸಲು ಹೊಲಿಗೆ ಯಂತ್ರ.”

ಎರಡು ಆಟೋಗಳೂ ರಾಗಿ ಮಿಷಿನ್ನಿನ ಮುಂದೆಯೇ ಎದುರುಬದುರಾದವು. ಗಲ್ಲಿ ಒಂದು ಆಟೋ ಹೋಗುವಷ್ಟು ಅಗಲ. ಹಿಂದಕ್ಕೆ ಹೋದರೆ ಸೋತ ಹಾಗೆ ಎಂದು ಎರಡೂ ನಿಂತಲ್ಲೇ ನಿಂತು ಮುನಿಆಂಜನಪ್ಪನಿಗಾಗಿ ಗೋಳಾಡಿದವು. ಒಂದರಲ್ಲಿ ಅಕ್ಕ, ಒಂದರಲ್ಲಿ ಭಾಮೈದ. ಹೊರಗೆ ಬಂದು ಜನಕ್ಕೆ ಮುಖ ತೋರಿಸಬೇಕೆಂದು ಇಬ್ಬರೂ ಮೈಕಿನಲ್ಲೇ ಕರೆದರು. ಅವನು ಹಿಟ್ಟಿನ ಮುಖ ಹೊತ್ತು ಬಾಗಿಲಿಗೆ ಬಂದಾಗ ಯಾರೋ ಹಾರ ಹಾಕಿದರು. ಅಹ್ಮದ್ ಪಾಷಾ ಸ್ಟೂಲು ತಂದು ಷಾಪಿನ ಮುಂದೆ ಹಾಕಿಕೊಂಡು ಕೂತಿದ್ದ.

“ಮುನಿಭಾಯ್,” ಎಂದ ಅವನು, “ನಮ್ ಅಬ್ಬ ತೀರ್ಕೊಂಡಾಗ್ಲೂ ಇಷ್ಟ್ ಅತ್ತಿಲ್ಲ ಯಾರೂ. ಕೈಕೂ ಈ ಲಫ್ಡಾ, ಯಾಕ್ ಬೇಕು? ಸುಮ್ನೆ ಓಟು ಇದೆ ಅಂದ್ಬಿಡಿ.”

“ಇದೆ ಅಂದ್ರೆ ಕರ್ಪೂರ, ಇಲ್ಲ ಅಂದ್ರೆ ಹಾರ. ನೀನೇ ಹೇಳು ಪಾಷಾ, ಯಾವ್ದು ವಾಸಿ?”

ಪಾಷಾ ಎರಡನ್ನೂ ತೂಗಿ ನೋಡಿ ಪಂಕ್ಚರಿಗೆ ಹಿಂದಿರುಗಿದ.

ನಿಜವಾದ ಏಟು ಬಿದ್ದದ್ದು ಅದಾದ ಮೇಲೆ. ದೊಡ್ಡಮುನಿಯಪ್ಪ ಬಿಳಿ ಪಂಚೆ ಉಟ್ಟು, ಒಬ್ಬನೇ ಬಂದು, ಕೊಟ್ಟ ಕಾಫಿ ಮುಟ್ಟದೆ ಕೂತ. ಕಾಫಿ ಕೆನೆಗಟ್ಟಿದ ಮೇಲೆ ಮಾತು ತೆಗೆದ.

“ನೋಡು ಮುನಿ, ನಮ್ ಕಡೆಯೋರೆಲ್ಲ ಕೇಳ್ತಾವ್ರೆ. ಸರ್ಕಾರವೇ ಈ ಕೈಗೆ ಬೆಲೆ ಇಲ್ಲ ಅಂದ್ಮೇಲೆ ಆ ಕೈಲಿ ಧಾರೆ ಎರೆದ್ರೆ ನಿಲ್ಲುತ್ತಾ ಅಂತ. ಒಂದ್ ಕಾಗದದ ಮೇಲೆ ಮುದ್ರೆ ಒತ್ತಕ್ಕೆ ಯೋಗ್ಯತೆ ಇಲ್ದೋನು ಹೆಣ್ಣ ಹೆಂಗೆ ಕೊಡ್ತಾನೆ ಅಂತ.”

“ಭಾವ, ಧಾರೆಗೂ ಓಟಿಗೂ ಏನು ಸಂಬಂಧ?”

“ನಾನು ಕೇಳ್ತಿಲ್ಲಪ್ಪ, ಜನ ಕೇಳ್ತಾವ್ರೆ. ಎಲೆಕ್ಷನ್ ದಿನ ಬೆರಳಿಗೆ ಶಾಯಿ ಹಾಕಿಸ್ಕೊಂಡು ಬಂದು ತೋರ್ಸು. ಅವತ್ತೇ ಲಗ್ನಪತ್ರಿಕೆ ಬರ್ಸೋಣ. ಶಾಯಿ ಇಲ್ಲ ಅಂದ್ರೆ, ಮುನೀಂದ್ರಂಗೆ ಬೇರೆ ಕಡೆಯಿಂದ್ಲೂ ಹೆಣ್ಣು ಬಂದವೆ.”

ಅವನು ಹೋದ ಮೇಲೆ ಒಳಗಿನ ಕೋಣೆಯಲ್ಲಿ ಭವ್ಯ ಬೀರುವಿನಿಂದ ತೆಗೆದಿಟ್ಟಿದ್ದ ರೇಷ್ಮೆ ಸೀರೆಯನ್ನು ಮತ್ತೆ ಮಡಿಸಿ ಒಳಗಿಡುವುದು ಕಂಡಿತು. ಮುನಿಆಂಜನಪ್ಪ ಎದ್ದು ಅಡಿಗೆಮನೆಗೆ ಹೋದ. ಆಡಿದ ಸುಳ್ಳು ತನ್ನ ತಲೆ ಉಳಿಸಲು ಆಡಿದ್ದೇ ಹೊರತು ಮಗಳ ತಲೆಯ ಮೇಲೆ ಹಾಕಲು ಅಲ್ಲ.

“ಓಟಿದೆ ಕಣೇ,” ಎಂದ ಹೆಂಡತಿಗೆ. “ಆ ಗಲಾಟೇಲಿ ತಪ್ಪಿಸ್ಕೊಳೋಕೆ ಸುಮ್ನೆ ಹಂಗಂದೆ.”

ಚಿಕ್ಕಮುನಿಯಮ್ಮ ಗಂಡನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. “ಇದೆ ಅಂತ ನಿಮ್ಗೆ ಗೊತ್ತಾ?”

ಇಡೀ ವಾರ್ಡು ಹಗಲೂ ರಾತ್ರಿ ಇಲ್ಲ ಇಲ್ಲ ಎಂದು ಮೈಕಿನಲ್ಲಿ ಕೂಗಿದ ಮೇಲೆ ಅವನಿಗೇ ಅನುಮಾನ ಹತ್ತಿತ್ತು.

ಮರುದಿನ ಎಲೆಕ್ಷನ್ ಆಫೀಸಿಗೆ ಹೋದ. ಅಲ್ಲಿ ಕಡತಗಳ ಮಧ್ಯೆ ಕೂತಿದ್ದ ಅಧಿಕಾರಿ ಮೂರು ರಾತ್ರಿ ನಿದ್ದೆಗೆಟ್ಟವರಂತಿದ್ದರು. ಪಟ್ಟಿ ತಿರುವಿ ನೋಡಿ, “ಹೆಸರಿದೆಯಲ್ರೀ,” ಎಂದರು.

“ಸ್ವಾಮಿ, ನಂಗೆ ಸಜೆ ಆಗಿದೆ.”

“ಈಗ ಜೈಲಲ್ಲಿದ್ದೀರಾ?”

“ಇಲ್ಲ ಸ್ವಾಮಿ, ನಿಮ್ಮೆದುರಿಗೇ ನಿಂತಿದ್ದೀನಿ.”

“ಎಲೆಕ್ಷನ್ ದಿನ ಜೈಲಲ್ಲಿರ್ತೀರಾ? ಪೊಲೀಸ್ ಕಸ್ಟಡೀಲಿ?”

“ಸದ್ಯಕ್ಕೆ ಅಂಥ ಯೋಚನೆ ಇಲ್ಲ.”

“ಮತ್ತೆ ಇನ್ನೇನ್ರೀ, ಬಂದು ಓಟು ಹಾಕಿ. ಮುಗಿದ ಇಸ್ಪೀಟ್ ಕೇಸಿಗೆಲ್ಲ ಓಟು ಹೋಗಲ್ಲ.”

ಮುನಿಆಂಜನಪ್ಪನಿಗೆ ಅಧಿಕಾರಿಯ ಕಾಲು ಹಿಡಿಯಬೇಕು ಎನ್ನಿಸಿತು. “ಅದನ್ನೇ ಒಂದ್ ಕಾಗದದಲ್ಲಿ ಬರ್ದು ಸೀಲ್ ಹಾಕಿ ಕೊಡಿ ಸ್ವಾಮಿ. ಮಗಳ ಮದ್ವೆ ಇದೆ.”

ಅಧಿಕಾರಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ನೋಡಿ, ಓಟಿಲ್ಲ ಅಂತ ಬೇಕಾದ್ರೆ ಕಾರಣ ತೋರಿಸಿ ಬರ್ಕೊಡಬಹುದು. ಇದೆ ಅಂತ ನಾನು ಯಾರಿಗೂ ಬರ್ಕೊಟ್ಟಿಲ್ಲ, ಹಿಂದಿನವರೂ ಕೊಟ್ಟಿಲ್ಲ. ಇರೋದಕ್ಕೆಲ್ಲ ಸರ್ಟಿಫಿಕೇಟ್ ಕೊಡ್ತಾ ಹೋದ್ರೆ ಆಫೀಸು ನಡೆಯುತ್ತೇನ್ರೀ?”

ಬರಿಗೈಯಲ್ಲಿ ಬಂದು ಅವನು ಓಟಿದೆಯಂತೆ ಎಂದು ಹೇಳಿದಾಗ ಗಲ್ಲಿಯಲ್ಲಿ ಯಾರೂ ನಂಬಲಿಲ್ಲ. ಪಾಪ, ಮಗಳ ಮದುವೆಗೋಸ್ಕರ ಹಾಗೆ ಹೇಳುತ್ತಿದ್ದಾನೆ ಎಂದರು. ನಂಬಿದವರು ಇಬ್ಬರೇ, ಅವರು ನಂಬದಿದ್ದರೆ ಅವನಿಗೆ ಚೆನ್ನಾಗಿತ್ತು. ಆಂಜನಮ್ಮ ಬಂದು, “ಇದ್ರೆ ನಂಗೇ ಹಾಕ್ಬೇಕು. ಹಾಕಿದ್ ದಿನ ಸಾಯಂಕಾಲ ಗುಡಿಗೆ ಬಂದು ಕರ್ಪೂರ ಆರ್ಸು,” ಎಂದಳು. ಅವಳು ಬಂದು ಹೋದದ್ದು ತಿಳಿದ ಕೆಂಪರಾಜ್ ಅವತ್ತೇ ಬಂದ. “ಭಾವ, ನೀವು ತಕ್ಕಡಿಗೆ ಒತ್ತಿ ದೀಪ ಹಚ್ಚೋ ಹೊತ್ತಿಗೆ ಗುಡೀಲಿ ಆಣೆ ಮಾಡಿ. ಇಲ್ಲ ಅಂದ್ರೆ ಭವ್ಯನ್ನ ಹಸೆಗೆ ಕರ್ಕೊಂಡ್ ಬರೋಕೆ ಬೇರೆ ಸೋದರಮಾವನ್ನ ಹುಡುಕ್ಕೊಳಿ,” ಎಂದ. ಸೋದರಮಾವ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ತಪ್ಪಿಸಿಕೊಂಡು ಓಡಿದವನು ಗಲ್ಲಿಯನ್ನೆಲ್ಲ ಸುತ್ತಿ ಹೊರಟ ಬಾಗಿಲಿಗೇ ಬಂದು ನಿಂತಿದ್ದ, ಈ ಸಲ ಒಳಗೆ ಮಗಳೂ ನಿಂತಿದ್ದಳು.

ಎಲೆಕ್ಷನ್ ದಿನ ಅವನು ಬೇಗ ಹೋಗಲಿಲ್ಲ. ಬಲಿಯ ಕುರಿ ಬೇಗ ಹೋಗಿ ಮಾಡುವುದೇನು. ಎಲ್ಲರ ಊಟದ ಹೊತ್ತಿಗೆ ಸ್ಕೂಲಿನ ಬೂತಿನೊಳಗೆ ಕಾಲಿಟ್ಟು ಚೀಟಿ ಕೊಟ್ಟ. ಮತಗಟ್ಟೆಯ ಅಧಿಕಾರಿ ಹೆಸರು ಓದಿ, ಪಟ್ಟಿ ನೋಡಿ, ತಲೆ ಎತ್ತಿದರು.

“ನಿಮ್ಮ ಓಟು ಆಗಿದೆ.”

“ನಾನೀಗ ಬರ್ತಾ ಇದ್ದೀನಿ ಸ್ವಾಮಿ.”

“ಮುನಿಆಂಜನಪ್ಪ ಅನ್ನೋರು ಬಾಗಿಲು ತೆಗೆದ ತಕ್ಷಣ ಬಂದು ಹಾಕಿ ಹೋದ್ರು. ಅವರಿಗೆ ಮೀಸೆ ಇತ್ತು. ಆಮೇಲೆ ಇನ್ನೊಬ್ರು ಮುನಿಆಂಜನಪ್ಪ ಬಂದ್ರು, ಕನ್ನಡಕ ಹಾಕ್ಕೊಂಡಿದ್ರು, ಅವರನ್ನ ವಾಪಸ್ ಕಳಿಸ್ದೆ. ನೀವು ಮೂರನೆಯೋರು.”

ಅಲ್ಲಿ ಏಜೆಂಟರಾಗಿ ಕೂತಿದ್ದವರಲ್ಲಿ ಒಬ್ಬ ಆಂಜನಮ್ಮನ ಕಡೆಯವನು, ಒಬ್ಬ ಕೆಂಪರಾಜನ ಕಡೆಯವನು. ಹುಟ್ಟಿದಂದಿನಿಂದ ಮುನಿಆಂಜನಪ್ಪನನ್ನು ಬಲ್ಲ ಇಬ್ಬರೂ ಈಗ ಸೂರಿನ ಹೆಂಚು ಎಣಿಸುತ್ತಿದ್ದರು. ಅವನಿಗೆ ಅರ್ಥವಾಯಿತು. ಮುನಿಆಂಜನಪ್ಪನಿಗೆ ಓಟಿಲ್ಲ ಎಂದು ಊರಿಗೆಲ್ಲ ಸಾರಿದ ಮೇಲೆ ಅವನ ಹೆಸರು ಪಟ್ಟಿಯಲ್ಲಿ ಅನಾಥವಾಗಿ ಬಿದ್ದಿತ್ತು. ಅನಾಥ ಓಟನ್ನು ಸಾಕಿಕೊಳ್ಳಲು ಎರಡು ಕಡೆಯವರೂ ಒಬ್ಬೊಬ್ಬ ಮುನಿಆಂಜನಪ್ಪನನ್ನು ಮೊದಲೇ ಗೊತ್ತು ಮಾಡಿದ್ದರು. ಅವನೇ ಬಂದು ಹಾಕುತ್ತಾನೆಂದು ತಿಳಿದ ಮೇಲೂ ಆ ಬಾಡಿಗೆ ಮುನಿಆಂಜನಪ್ಪಂದಿರಿಗೆ ಬೇಡವೆಂದು ಹೇಳಲು ಯಾರಿಗೂ ನೆನಪಾಗಿರಲಿಲ್ಲ.

“ನಂಗೆ ಶಾಯಿ ಬೇಕು ಸ್ವಾಮಿ,” ಎಂದ ಮುನಿಆಂಜನಪ್ಪ. “ಓಟು ಯಾರಾದ್ರೂ ಇಟ್ಕೊಳ್ಳಿ. ಶಾಯಿ ಇಲ್ದೆ ನಾನು ಮನೆಗೆ ಹೋಗಂಗಿಲ್ಲ.”

ಅಧಿಕಾರಿ ಏಜೆಂಟರ ಕಡೆ ತಿರುಗಿದರು. “ನಿಜವಾದ ಮುನಿಆಂಜನಪ್ಪ ಇವರೇನಾ?” ಇಬ್ಬರೂ ಹೆಂಚಿನಿಂದ ಕಣ್ಣು ಕೆಳಗಿಳಿಸಿ ಹೌದೆಂದು ತಲೆಯಾಡಿಸಿದರು. “ಹಾಗಾದ್ರೆ ನಿಮಗೆ ಟೆಂಡರ್ ಓಟು ಕೊಡ್ತೀನಿ. ಶಾಯಿ ಹಾಕ್ತೀವಿ, ಬೇರೆ ಚೀಟಿ ಕೊ‌ಡ್ತೀವಿ, ಮರೆಗೆ ಹೋಗಿ ಮುದ್ರೆ ಒತ್ತಿ. ಆದ್ರೆ ಪೆಟ್ಟಿಗೆಗೆ ಹಾಕಂಗಿಲ್ಲ. ನನ್ನ ಕೈಗೆ ಕೊಡಿ, ಲಕೋಟೇಲಿ ಇಟ್ಟು ಸೀಲ್ ಮಾಡ್ತೀನಿ.”

“ಆಮೇಲೆ ಎಣಿಸ್ತಾರಾ?”

“ಎಣಿಸಲ್ಲ. ಯಾರಾದ್ರೂ ಕೋರ್ಟಿಗೆ ಹೋಗಿ, ಕೋರ್ಟು ಕೇಳಿದ್ರೆ ಮಾತ್ರ ತೆಗೀತಾರೆ.”

“ಇಲ್ಲ ಅಂದ್ರೆ ಯಾರೂ ನೋಡಲ್ವಾ?”

“ಯಾರೂ ನೋಡಲ್ಲ. ಬೇಜಾರು ಮಾಡ್ಕೋಬೇಡಿ.”

ಮುನಿಆಂಜನಪ್ಪನಿಗೆ ಬೇಜಾರು ಎಲ್ಲಿಂದ ಬರಬೇಕು. ಬೆರಳಿಗೆ ಶಾಯಿ ಹಾಕಿಸಿಕೊಂಡ. ಚೀಟಿ ಹಿಡಿದು ರಟ್ಟಿನ ಮರೆಗೆ ಹೋದ. ಹೊಲಿಗೆ ಮಿಷಿನ್ನಿನ ಮೇಲೆ ಮುದ್ರೆಯನ್ನು ನೆಟ್ಟಗೆ ಹಿಡಿದು ಒತ್ತಿದ. ತಕ್ಕಡಿಯ ಮೇಲೂ ಅಷ್ಟೇ ನೆಟ್ಟಗೆ ಒತ್ತಿದ. ಎರಡರಲ್ಲಿ ಯಾವುದಕ್ಕೂ ಮಸಿ ಕಡಿಮೆಯಾಗಿಲ್ಲವೆಂದು ಬಗ್ಗಿ ನೋಡಿಕೊಂಡ. ಜೀವನದಲ್ಲಿ ಅಷ್ಟು ಮನಸಾರೆ ಅವನು ಓಟು ಹಾಕಿದ್ದು ಅದೇ ಮೊದಲು.

ತಮ್ಮ ಕಡೆಯ ಕಳ್ಳ ಓಟಿನ ಮಾತು ಬಂದೀತೆಂದು ಏಜೆಂಟರು ಆ ಲಕೋಟೆಯ ಸುದ್ದಿಯನ್ನು ಹೊರಗೆ ಎತ್ತಲಿಲ್ಲ. ಸಾಯಂಕಾಲ ಆಂಜನಮ್ಮನ ಮುಂದೆ, ಮುನೇಶ್ವರನ ಮುಂದೆ ನಿಂತು, “ಹೊಲ್ಗೆ ಮಿಷಿನ್ ಮೇಲೆ ನನ್ ಕೈಯಾರೆ ಮುದ್ರೆ ಒತ್ತಿದ್ದೀನಿ, ಸುಳ್ಳಾದ್ರೆ ನೀನೇ ನೋಡ್ಕೊಳಪ್ಪ,” ಎಂದು ಕರ್ಪೂರ ಆರಿಸಿದ. ಅಕ್ಕ ಅವನ ತಲೆ ಸವರಿ ಹೋದಳು. ದೀಪ ಹಚ್ಚುವ ಹೊತ್ತಿಗೆ ಕೆಂಪರಾಜ್ ಬಂದ. ಮುನಿಆಂಜನಪ್ಪ ಅದೇ ಅಂಗೈ ಚಾಚಿ, ತಕ್ಕಡಿಯ ಹೆಸರು ಹೇಳಿ, ಇನ್ನೊಂದು ಕರ್ಪೂರ ಆರಿಸಿದ. ಎರಡನ್ನೂ ಹಚ್ಚಿಕೊಟ್ಟ ಪೂಜಾರಿ, ಕೆಂಪರಾಜ್ ಹೋದ ಮೇಲೆ ಇವನಿಂದ ನಾಲ್ಕು ಹೆಜ್ಜೆ ದೂರ ಸರಿದು, ಸೂರಿನ ಕಡೆ ಒಮ್ಮೆ ನೋಡಿದ.

“ಏನಪ್ಪಾ, ಸ್ವಾಮೀನ ಏನಂದ್ಕೊಂಡಿದ್ದೀಯ?”

“ಎರಡೂ ಸತ್ಯ ಪೂಜಾರಪ್ಪ.”

ಪೂಜಾರಿ ಸ್ವಲ್ಪ ಹೊತ್ತು ಕಾದ. ಗುಡಿಯಲ್ಲಿ ಏನೂ ಬೀಳಲಿಲ್ಲ. ಮುನೇಶ್ವರನಿಗೂ ಟೆಂಡರ್ ಓಟಿನ ಕಾನೂನು ತಿಳಿದಿರಬೇಕು. ಮುನಿಆಂಜನಪ್ಪ ಸುಟ್ಟ ಅಂಗೈಯನ್ನು ಊದಿಕೊಳ್ಳುತ್ತಾ ದೊಡ್ಡಮುನಿಯಪ್ಪನ ಮನೆಗೆ ಹೋಗಿ ಬೆರಳು ತೋರಿಸಿದ. ಲಗ್ನಪತ್ರಿಕೆ ಬರೆಸಲು ದಿನ ಗೊತ್ತಾಯಿತು.

ಎಣಿಕೆಯಲ್ಲಿ ಇಬ್ಬರೂ ಸೋತರು. ಗೆದ್ದವನು ಟೇಬಲ್ ದೀಪದ ಗುರುತಿನ ಒಬ್ಬ ಮನುಷ್ಯ. ಅವನು ಈ ಗಲ್ಲಿಗೆ ಒಂದು ಸಲವೂ ಬಂದಿರಲಿಲ್ಲ, ಬಂದಿದ್ದರೆ ಅವನಿಗೂ ಆಟೋ ನಿಲ್ಲಿಸಲು ಜಾಗ ಇರುತ್ತಿರಲಿಲ್ಲ. ಸೋತ ಮಾರನೆಯ ದಿನ ಆಂಜನಮ್ಮ ಮಿಷಿನ್ನಿಗೆ ಬಂದು, ಬೆಲ್ಟು ನಿಲ್ಲಿಸಲು ಹೇಳಿ, ಹಿಟ್ಟಿನ ಚೀಲದ ಮೇಲೆ ಕೂತಳು.

“ಕೈ ಮುಗ್ದು ಹಾಕ್ತೀನಿ ಅಂದೋರೆಲ್ಲ ಕೈ ಕೊಟ್ರು ಕಣೋ. ನೀನೊಬ್ಬ ನಿಜವಾಗಿ ಹಾಕ್ದೋನು,” ಎಂದು ಅವನ ಶಾಯಿಯ ಬೆರಳು ಹಿಡಿದುಕೊಂಡು ಅತ್ತಳು. ಅದೇ ಸಾಯಂಕಾಲ ಕೆಂಪರಾಜ್ ಬಂದು, ಅದೇ ಬೆರಳು ಹಿಡಿದು, ಹೆಚ್ಚುಕಡಿಮೆ ಅದೇ ಮಾತು ಹೇಳಿದ. ಮುನಿಆಂಜನಪ್ಪನಿಗೆ ನಗು ಬರಲಿಲ್ಲ. ಇಬ್ಬರ ಮೇಲೂ ಅಯ್ಯೋ ಅನ್ನಿಸಿತು, ತನ್ನ ಬೆರಳಿನ ಮೇಲೆ ನಾಚಿಕೆಯಾಯಿತು. ಇಬ್ಬರಿಗೂ ಕಾಫಿ ಕೊಡಿಸಿ ಕಳಿಸಿದ.

ಮದುವೆ ಚೆನ್ನಾಗಿಯೇ ಆಯಿತು. ಕೆಂಪರಾಜ್ ಭವ್ಯಳ ಕೈಹಿಡಿದು ಹಸೆಗೆ ತಂದ, ಆಂಜನಮ್ಮ ಸೊಸೆಯನ್ನು ಆರತಿ ಎತ್ತಿ ಬರಮಾಡಿಕೊಂಡಳು, ಧಾರೆ ಎರೆಯುವಾಗ ದೊಡ್ಡಮುನಿಯಪ್ಪ ಬಗ್ಗಿ ಬೀಗನ ಬೆರಳು ನೋಡಿದ. ಶಾಯಿ ಉಗುರಿನ ತುದಿಯಲ್ಲಿ ಇನ್ನೂ ಒಂದು ಗೆರೆಯಷ್ಟು ಉಳಿದಿತ್ತು. ಊಟವಾದ ಮೇಲೆ ಗಂಡಸರು ಛತ್ರದ ಮೂಲೆಯಲ್ಲಿ ಚಾಪೆ ಹಾಸಿ, ಮದುವೆ ಮನೆಯ ಪದ್ಧತಿಯಂತೆ, ಇಸ್ಪೀಟಿಗೆ ಕೂತರು. ಸೋತ ದುಃಖದಲ್ಲಿ ಒಂದಾಗಿದ್ದ ಆಂಜನಮ್ಮ, ಕೆಂಪರಾಜ್ ಇಬ್ಬರೂ ತಾಂಬೂಲ ಹಾಕಿಕೊಂಡು ಅಲ್ಲೇ ಪಕ್ಕದಲ್ಲಿ ಟೇಬಲ್ ದೀಪದವನನ್ನು ಬಯ್ಯುತ್ತಿದ್ದರು. ಬೈಗುಳ ಮುಗಿದ ಮೇಲೆ ಕೆಂಪರಾಜ್ ಅಂದ:

“ಮುಂದಿನ್ ಸಲ ಬಿಡಲ್ಲ. ನಾನು ನಿಂತೇ ನಿಲ್ತೀನಿ.”

“ನಾನೂ ನಿಲ್ತೀನಿ,” ಎಂದಳು ಆಂಜನಮ್ಮ. “ನನ್ ತಮ್ಮ ನನ್ ಜೊತೆ ಅವ್ನೆ.”

“ಭಾವ ನನ್ ಜೊತೆ ಅವ್ರೆ,” ಎಂದ ಕೆಂಪರಾಜ್.

ಇಬ್ಬರೂ ಒಟ್ಟಿಗೇ ಮುನಿಆಂಜನಪ್ಪನ ಕಡೆ ತಿರುಗಿದರು. ಅವನು ಎಲೆಯಡಿಕೆ ತಟ್ಟೆಯನ್ನು ಕೆಳಗಿಟ್ಟು, ಮೆಲ್ಲಗೆ ಎದ್ದು, ಇಸ್ಪೀಟಿನ ಚಾಪೆಗೆ ಹೋಗಿ ಕಾನ್‌ಸ್ಟೇಬಲ್ ಪಿಳ್ಳಪ್ಪನ ಪಕ್ಕದಲ್ಲಿ ಕೂತ. ಪಿಳ್ಳಪ್ಪ ಅವತ್ತು ಬಿಳಿ ಷರಟು ಹಾಕಿಕೊಂಡು, ಡ್ಯೂಟಿಯಿಲ್ಲದೆ, ಸಂತೋಷವಾಗಿ ಎಲೆ ಹಿಡಿದಿದ್ದ.

“ಪಿಳ್ಳಪ್ಪನೋರೇ, ಒಂದ್ ಉಪಕಾರ ಆಗ್ಬೇಕಿತ್ತು. ಮುಂದಿನ್ ಎಲೆಕ್ಷನ್ ಹಿಂದಿನ್ ದಿನ ಬಂದು ನನ್ನ ಹಿಡ್ಕೊಂಡ್ ಹೋಗ್ತೀರಾ?”

“ಯಾವ್ ಕೇಸಲ್ಲಪ್ಪ?”

“ಯಾವ್ದಾದ್ರೂ ಸರಿ.”

ಪಿಳ್ಳಪ್ಪ ಎಲೆ ಇಳಿಸಿ ಯೋಚಿಸಿದ. “ಇಸ್ಪೀಟಾದ್ರೆ ಸ್ಟೇಷನ್ನಲ್ಲೇ ಜಾಮೀನ್ ಕೊಟ್ಟು ಬಿಟ್ಬಿಡ್ತಾರೆ. ಬೆಳಿಗ್ಗೆ ಹೊತ್ಗೆ ಆಚೆ ಬಂದ್ಬಿಡ್ತೀಯ, ಓಟು ಹಾಕ್ಬೋದು.”

“ಅದೇ ನನ್ ಭಯ,” ಎಂದ ಮುನಿಆಂಜನಪ್ಪ. “ಜಾಮೀನ್ ಸಿಗ್ದೇ ಇರೋಂಥದ್ದು, ಆದ್ರೆ ಮೈಗೆ ನೋವಾಗ್ದೇ ಇರೋಂಥದ್ದು ಯಾವ್ದಾದ್ರೂ ಇದ್ರೆ ಹೇಳಿ, ಈಗ್ಲಿಂದ್ಲೇ ಕಲ್ತ್ಕೋತೀನಿ.”